ಗಂಟು ತೆಗೆಸಿ, ಆದರೆ ಕೇಳಿ ತೆಗೆಸಿ!

ಕಳೆದ ವರ್ಷ ಸುಗ್ಗಿ ಮುಗಿದ ಹೊತ್ತಿಗೆ ಒಂದು ಸಂಜೆ ಅಣ್ಣಿಗೇರಿಯಿಂದ ನನ್ನ ನೆಗೆಣ್ಣಿಯ ಫೋನು. ದನಿ ತೀರಾ ಸಣ್ಣಗಿತ್ತು.

"ಅಕ್ಕಾ, ಹೊಟ್ಟ್ಯಾಗ ಗಂಟ ಐತಂತ. ಗಂಟಿನ ಕೂಡ ಗರ್ಭಚೀಲನೂ ತೆಗದ ಬಿಡೂಣು ಅಂದಾರ ಡಾಕ್ಟರು. ಇವರು ಹೂಂ ಅಂದ್ರು, ಅತ್ತಿಯವರೂ ಹೂಂ ಅಂದ್ರು. ಸೋಮವಾರ ಬಾ ಅಂದಾರ. ನಾ ಏನ್ ಅನ್ಲಿ?"

ಗಮನಿಸಿದಿರಾ? ಗಂಟು ಇರುವುದು ಅವಳ ಹೊಟ್ಟೆಯಲ್ಲಿ. ಹೂಂ ಅಂದವರು ಮಾತ್ರ ಬೇರೆಯವರು. ಅವಳಿಗೆ ಆಗ 36 ವರ್ಷ, ಎರಡು ಮಕ್ಕಳು. "ಮಕ್ಕಳಂತೂ ಆಗ್ಯಾವ, ಇನ್ನ ಚೀಲ ಯಾತಕ್ಕ ಬೇಕು?" ಅನ್ನೋದು ಮನೆಯವರ ಲೆಕ್ಕ.

ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ಮನೆಗಳಲ್ಲಿರುವ ನಮಗೆ ಇಂಥ ಫೋನು ಹೊಸದಲ್ಲ. ಊರಿಂದ ಯಾರೇ ಆಪರೇಷನ್‌ಗೆ ಬಂದರೂ ಇಳಿಯುವುದು ನಮ್ಮಲ್ಲೇ ಅಲ್ವಾ? ಗಂಜಿ ಮಾಡಿ ಡಬ್ಬಿ ಕಟ್ಟುತ್ತೇವೆ, ರಾತ್ರಿ ಆಸ್ಪತ್ರೆಯಲ್ಲಿ ಜೊತೆಗೆ ಮಲಗುತ್ತೇವೆ. ಆದರೆ ಡಾಕ್ಟರ ಮುಂದೆ ಕೂತು ನಾಲ್ಕು ಪ್ರಶ್ನೆ ಕೇಳುವ ಕೆಲಸ ಬಂದಾಗ ಗಂಡಸರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತೇವೆ. ಡಬ್ಬಿ ಕಟ್ಟುವುದಕ್ಕಿಂತ ಆ ಪ್ರಶ್ನೆ ಕೇಳುವುದೇ ನಮ್ಮ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ ಕೇಳಿ.

ಗಂಟು ಅಂದಕೂಡಲೆ ಗಾಬರಿ ಬೇಡ

ಗರ್ಭಕೋಶದ ಎಡಕ್ಕೊಂದು ಬಲಕ್ಕೊಂದು ಬಾದಾಮಿಯಂಥ ಅಂಡಾಶಯಗಳಿವೆ. ಪಕ್ಕದಲ್ಲೇ ಅಂಡನಾಳ. ಈ ಜಾಗದಲ್ಲಿ ಏನೇ ಬೆಳೆದರೂ ನಾವು 'ಗಂಟು' ಅಂತ ಒಂದೇ ಹೆಸರಿಟ್ಟು ಬಿಡುತ್ತೇವೆ. ಆದರೆ ಅದರಲ್ಲಿ ನೂರು ಬಗೆ.

ಪ್ರತಿ ತಿಂಗಳು ಅಂಡ ಬಲಿಯುವಾಗ ಅಂಡಾಶಯದಲ್ಲಿ ಸಣ್ಣ ನೀರುಗುಳ್ಳೆ ಆಗುವುದು ಸಹಜ. ಕೆಲವೊಮ್ಮೆ ಅದು ಒಡೆಯದೆ ದೊಡ್ಡದಾಗುತ್ತದೆ. ಬರೀ ನೀರು ತುಂಬಿದ ಇಂಥ ಗುಳ್ಳೆ 5 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಎರಡು ಮೂರು ಮುಟ್ಟಿನೊಳಗೆ ತಾನೇ ಕರಗುತ್ತದೆ. ಮುಟ್ಟು ಇನ್ನೂ ನಿಲ್ಲದವರಲ್ಲಿ ಇಂಥದ್ದಕ್ಕೆ ಮತ್ತೆ ಮತ್ತೆ ಸ್ಕ್ಯಾನಿಂಗ್ ಕೂಡ ಬೇಕಿಲ್ಲ, 5ರಿಂದ 7 ಸೆಂಟಿಮೀಟರ್ ಇದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು, ಅದಕ್ಕೂ ದೊಡ್ಡದಾದರೆ ಹೆಚ್ಚಿನ ಪರೀಕ್ಷೆಯನ್ನೋ ಆಪರೇಷನ್ನನ್ನೋ ಯೋಚಿಸಬೇಕು ಎಂದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರ ಮಾರ್ಗಸೂಚಿಯಲ್ಲೇ ಹೇಳಿದೆ. ಕರಗಿಸಲು ಅಂತ ಕೊಡುವ ಗರ್ಭನಿರೋಧಕ ಗುಳಿಗೆಯಿಂದ ಇವು ಬೇಗ ಕರಗುವುದಿಲ್ಲ ಅನ್ನುವುದೂ ಅಧ್ಯಯನಗಳಲ್ಲಿ ಗೊತ್ತಾಗಿದೆ.

ಇನ್ನೊಂದು ಬಗೆ ಡರ್ಮಾಯ್ಡ್. ಇದರೊಳಗೆ ಜಿಡ್ಡು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ! ಯಾರೋ ಮಾಟ ಮಾಡಿಸಿದ್ದಲ್ಲ ತಾಯಂದಿರೇ, ಅಂಡಾಶಯದ ಮೂಲಕೋಶಕ್ಕೆ ದೇಹದ ಯಾವ ಭಾಗವನ್ನಾದರೂ ಬೆಳೆಸುವ ಶಕ್ತಿ ಇದೆ, ಅದು ದಾರಿ ತಪ್ಪಿದಾಗ ಹೀಗಾಗುತ್ತದೆ. ಬಹುತೇಕ ಇದು ಕ್ಯಾನ್ಸರ್ ಅಲ್ಲ. ಆದರೆ ತಾನಾಗಿ ಕರಗುವುದಿಲ್ಲ. ಮೂರನೆಯದು ಚಾಕೊಲೇಟ್ ಸಿಸ್ಟ್. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ಬೆಳೆದು, ಹಳೇ ರಕ್ತ ಅಲ್ಲೇ ಸೇರಿ ಚಾಕೊಲೇಟಿನ ಬಣ್ಣಕ್ಕೆ ತಿರುಗಿರುತ್ತದೆ. ಮುಟ್ಟಿನ ಹೊತ್ತಿನಲ್ಲಿ ಪ್ರಾಣ ಹಿಂಡುವ ನೋವಿಗೆ ಇದೂ ಒಂದು ಕಾರಣ. ಅಂಡನಾಳದಲ್ಲಿ ಸೋಂಕಾಗಿ ನೀರು, ಕೀವು ತುಂಬುವುದೂ ಉಂಟು. ಇನ್ನು ಪಿಸಿಓಡಿ ಅಂತ ಬರೆದದ್ದನ್ನು ನೋಡಿ 'ಗಂಟು ಆಗಿದೆ, ಕೊಯ್ಯಿಸಬೇಕು' ಅಂತ ಹೆದರುವವರೂ ಇದ್ದಾರೆ. ಅದು ಹಾರ್ಮೋನಿನ ಏರುಪೇರು, ಗಂಟೇ ಅಲ್ಲ.

ನನ್ನ ನೆಗೆಣ್ಣಿಯ ಸ್ಕ್ಯಾನಿಂಗ್ ಚೀಟಿಯನ್ನು ಮೈದುನನಿಂದ ವಾಟ್ಸ್ಯಾಪಿನಲ್ಲಿ ತರಿಸಿಕೊಂಡೆ. ಎಡಗಡೆ ಅಂಡಾಶಯದಲ್ಲಿ 7 ಸೆಂಟಿಮೀಟರಿನ ಡರ್ಮಾಯ್ಡ್. ಮೋಸಂಬಿ ಹಣ್ಣಿನಷ್ಟು. ಬಲಗಡೆಯದು ಸರಿ ಇತ್ತು, ಗರ್ಭಕೋಶವೂ ಸರಿ ಇತ್ತು. ಹಾಗಾದರೆ ಚೀಲ ಯಾಕೆ ತೆಗೆಯಬೇಕು? ನನಗೆ ಅರ್ಥವಾಗಲಿಲ್ಲ.

ತೂತಿನ ಆಪರೇಷನ್ ಅಂದರೆ...

ಲ್ಯಾಪ್ರೋಸ್ಕೋಪಿ ಅನ್ನುವ ಹೆಸರು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೂ ಗೊತ್ತು. ಮಕ್ಕಳಾಗದಂತೆ ಮಾಡುವ ಕ್ಯಾಂಪುಗಳಲ್ಲಿ 'ಉದರದರ್ಶಕ' ಅಂತ ಬೋರ್ಡು ಹಾಕುತ್ತಿದ್ದರಲ್ಲ, ಅದೇ. ಹೊಕ್ಕುಳ ಹತ್ತಿರ ಒಂದು ಸಣ್ಣ ತೂತು ಮಾಡಿ, ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸುತ್ತಾರೆ. ಅದರಿಂದ ಒಳಗಿನ ಅಂಗಗಳ ನಡುವೆ ಜಾಗ ಸಿಗುತ್ತದೆ. ಕ್ಯಾಮೆರಾ ಇರುವ ಕೊಳವೆ ಇಳಿಸಿದರೆ ಎಲ್ಲಾ ಟಿವಿ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಇನ್ನೆರಡು ಮೂರು ತೂತುಗಳಿಂದ ಉದ್ದನೆಯ ಉಪಕರಣ ಹಾಕಿ ಕೆಲಸ ಮಾಡುತ್ತಾರೆ. ಒಂದೊಂದು ತೂತು 5ರಿಂದ 10 ಮಿಲಿಮೀಟರ್ ಅಷ್ಟೇ. ಗಂಟನ್ನು ಅಂಡಾಶಯದಿಂದ ಸಿಪ್ಪೆ ಬಿಡಿಸಿದಂತೆ ಬಿಡಿಸಿ, ಒಂದು ಸಣ್ಣ ಚೀಲದೊಳಗೆ ಹಾಕಿ ಹೊರಗೆ ಎಳೆಯುತ್ತಾರೆ. ಒಳಗಿನ ಜಿಡ್ಡು ಹೊಟ್ಟೆಯಲ್ಲಿ ಚೆಲ್ಲಬಾರದು ಅಂತ ಈ ಉಪಾಯ.

ಲಾಭ ಏನು? ದೊಡ್ಡ ಕೊಯ್ತ ಇಲ್ಲ. ನೋವು ಕಡಿಮೆ, ಸೋಂಕು ಕಡಿಮೆ. ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಹೊಟ್ಟೆ ಕೊಯ್ದರೆ ಮೈ ಸುಧಾರಿಸಲು ನಾಲ್ಕಾರು ವಾರ ಬೇಕು, ಇದಕ್ಕೆ ಎರಡು ವಾರದ ಸುಮಾರು ಸಾಕು.

ಇದೆಲ್ಲ ಸುಮ್ಮನೆ ಬಂದದ್ದಲ್ಲ. 1809ರ ಕ್ರಿಸ್‌ಮಸ್ ದಿನ ಅಮೆರಿಕದ ಕೆಂಟಕಿಯ ಹಳ್ಳಿಗಾಡಿನಲ್ಲಿ ಎಫ್ರಾಯಿಮ್ ಮೆಕ್‌ಡೊವೆಲ್ ಎಂಬ ವೈದ್ಯರು ಜೇನ್ ಟಾಡ್ ಕ್ರಾಫರ್ಡ್ ಎಂಬ ಮಹಿಳೆಯ ಹೊಟ್ಟೆಯಿಂದ 22 ಪೌಂಡಿಗೂ ಹೆಚ್ಚು ತೂಕದ ಅಂಡಾಶಯದ ಗಂಟು ತೆಗೆದರು. ಆಗ ಅರಿವಳಿಕೆ ಅನ್ನೋದೇ ಇರಲಿಲ್ಲ! ಆಕೆ ಗಂಟು ಹೊತ್ತುಕೊಂಡೇ ಸುಮಾರು 60 ಮೈಲಿ ಕುದುರೆ ಮೇಲೆ ಬಂದಿದ್ದರು. ಮೇಜಿನ ಮೇಲೆ ಮಲಗಿ ಭಜನೆ ಹೇಳುತ್ತಾ ನೋವು ನುಂಗಿದರು. ಬದುಕಿದ್ದಷ್ಟೇ ಅಲ್ಲ, ಆಮೇಲೆ 30 ವರ್ಷಕ್ಕೂ ಮೇಲೆ ಬಾಳಿದರು. ಇನ್ನು ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ 1980ರಲ್ಲಿ ಮೊದಲ ಬಾರಿಗೆ ತೂತಿನ ಮೂಲಕವೇ ಅಪೆಂಡಿಕ್ಸ್ ತೆಗೆದಾಗ ಅವರ ಪರವಾನಗಿ ಅಮಾನತು ಮಾಡಿ ಅಂತ ಶಸ್ತ್ರವೈದ್ಯರೇ ಕೂಗಾಡಿದ್ದರು. ಇಂದು ಆ ವಿದ್ಯೆ ಹುಬ್ಬಳ್ಳಿ, ಗದಗದವರೆಗೂ ಬಂದಿದೆ. ನಮ್ಮ ಪುಣ್ಯ.

ಆದರೆ ಎಲ್ಲಕ್ಕೂ ತೂತು ಸರಿಯಲ್ಲ

ಇಲ್ಲೊಂದು ಎಚ್ಚರಿಕೆ. ಈಗ 'ಲ್ಯಾಪ್ರೋಸ್ಕೋಪಿ ಮಾಡಿಸಿದೆ' ಅಂತ ಹೇಳಿಕೊಳ್ಳುವುದೇ ಒಂದು ಅಂತಸ್ತಾಗಿದೆ. ಹೊಟ್ಟೆ ಕೊಯ್ಯಬೇಕು ಅಂದ ಡಾಕ್ಟರು ಹಳೇ ಕಾಲದವರು, ತೂತು ಮಾಡ್ತೀನಿ ಅಂದವರು ಜಾಣರು ಅಂತ ನಾವು ತೀರ್ಪು ಕೊಟ್ಟು ಬಿಡುತ್ತೇವೆ. ತಪ್ಪು.

ಕ್ಯಾನ್ಸರ್ ಅನುಮಾನ ಇದ್ದರೆ ಗಂಟನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು, ಹೊಟ್ಟೆಯೊಳಗೆ ಎಲ್ಲೆಲ್ಲಿ ಹರಡಿದೆ ಅಂತ ಪೂರ್ತಿ ನೋಡಬೇಕು. ಅದಕ್ಕೆ ಬಹಳ ಸಲ ಹೊಟ್ಟೆ ತೆರೆಯುವುದೇ ಕ್ಷೇಮ, ಅದೂ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬಲ್ಲವರ ಕೈಯಲ್ಲಿ. ಸ್ಕ್ಯಾನಿಂಗ್‌ನಲ್ಲಿ ಗಂಟಿನೊಳಗೆ ಗಟ್ಟಿ ಭಾಗ, ಎರಡೂ ಕಡೆ ಗಂಟು, ಹೊಟ್ಟೆಯಲ್ಲಿ ನೀರು ಅಂತ ಬರೆದಿದ್ದರೆ, ಅದರಲ್ಲೂ ಮುಟ್ಟು ನಿಂತವರಾಗಿದ್ದರೆ, ಮೊದಲು ಆ ಪರಿಣತರಿಗೆ ತೋರಿಸಬೇಕು. ನಮ್ಮ ಕಡೆಗೆ ಹುಬ್ಬಳ್ಳಿಯ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ.

ಸಿಎ-125 ಅನ್ನುವ ರಕ್ತಪರೀಕ್ಷೆ ಹೆಚ್ಚು ಬಂತು ಅಂತ ಎದೆ ಒಡೆದುಕೊಳ್ಳುವವರೂ ಇದ್ದಾರೆ. ಚಾಕೊಲೇಟ್ ಸಿಸ್ಟ್ ಇದ್ದರೂ, ಫೈಬ್ರಾಯ್ಡ್ ಇದ್ದರೂ, ಹೊಟ್ಟೆಯ ಕ್ಷಯ ಇದ್ದರೂ, ಅಷ್ಟೇಕೆ ಮುಟ್ಟಿನ ದಿನಗಳಲ್ಲೂ ಅದು ಏರಬಹುದು. ಮುಟ್ಟು ನಿಂತವರಲ್ಲಿ ಅದಕ್ಕೆ ಬೆಲೆ ಹೆಚ್ಚು, ಉಳಿದವರಲ್ಲಿ ಅದೊಂದರಿಂದಲೇ ತೀರ್ಮಾನ ಮಾಡಬಾರದು.

ಇನ್ನೊಂದು ಮಾತು. ಒಮ್ಮೆಲೇ ಕಿಬ್ಬೊಟ್ಟೆಯ ಒಂದು ಕಡೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ ಗಂಟಿನ ಭಾರಕ್ಕೆ ಅಂಡಾಶಯ ತಿರುಚಿಕೊಂಡಿರಬಹುದು. ಮುಟ್ಟು ತಪ್ಪಿದವರಿಗೆ ಹೊಟ್ಟೆನೋವು, ಕಣ್ಣು ಕತ್ತಲೆ ಬಂದರೆ ನಾಳದಲ್ಲಿ ಗರ್ಭ ನಿಂತಿರಬಹುದು. ಇವೆರಡಕ್ಕೂ 'ಬೆಳಗಾಗಲಿ ನೋಡೋಣ' ಅನ್ನಬೇಡಿ. ಆ ರಾತ್ರಿಯೇ ಹೊರಡಬೇಕು. ತಿರುಚಿ ಕಪ್ಪಾದ ಅಂಡಾಶಯ ಕೂಡ ಬೇಗ ಬಿಡಿಸಿದರೆ ಎಷ್ಟೋ ಸಲ ಮತ್ತೆ ಜೀವ ಹಿಡಿಯುತ್ತದೆ.

ಚೆನ್ನಾಗಿರುವುದನ್ನು ಯಾಕೆ ತೆಗೆಯಬೇಕು?

ನೆಗೆಣ್ಣಿಯನ್ನು ಹುಬ್ಬಳ್ಳಿಗೆ ಕರೆಸಿದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಇನ್ನೊಬ್ಬ ಡಾಕ್ಟರನ್ನು ಕೇಳಿ ಬರಲು ಬಸ್ ಚಾರ್ಜಿನ ನೆಪವೂ ಇಲ್ಲ ನೋಡಿ! ಎರಡನೇ ಡಾಕ್ಟರಮ್ಮ ಚೀಟಿ ನೋಡಿದವರೇ, "ಗರ್ಭಚೀಲ ಚಲೋ ಐತಿ. ಚಲೋ ಇದ್ದದ್ದನ್ನ ಯಾಕ ತೆಗೀಬೇಕ್ರಿ? ಗಂಟಷ್ಟ ಬಿಡಿಸ್ತೀನಿ, ಆದಷ್ಟು ಅಂಡಾಶಯ ಉಳಿಸ್ತೀನಿ" ಅಂದರು.

ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. ಹಿರಿಸೊಸೆ ಎದುರು ಮಾತಾಡ್ತಾಳೆ ಅಂತ ಅವರಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ನಂದ ಎಲ್ಲಾ ತೆಗದಾಗ ನನಗ ಮೂವತ್ತೆಂಟು. ಆಮ್ಯಾಲೆ ಮೈ ಕುದಿಯೂದು, ನಿದ್ದಿ ಇಲ್ಲ, ಎಲುಬು ನೋವು... ಹಣೇಬರ ಅಂತ ಸುಮ್ಮನಾದೆ. ನನ್ನ ಯಾರ ಕೇಳಿದ್ರವಾ?" ಅಂದರು. ಇಪ್ಪತ್ತು ವರ್ಷ ಒಂದೇ ಮನೆಯ ಸೊಸೆಯಾಗಿದ್ದರೂ ನನಗೆ ಈ ಮಾತು ಗೊತ್ತಿರಲಿಲ್ಲ.

ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದು ಬಿಡುತ್ತದೆ. ಈಸ್ಟ್ರೋಜೆನ್ ಹಾರ್ಮೋನು ಒಮ್ಮೆಲೇ ಕಡಿಮೆಯಾಗಿ ಮೈ ಬಿಸಿಯೇರುತ್ತದೆ, ಮೂಳೆ ಸವೆಯುತ್ತದೆ. ಅಮೆರಿಕದ 29 ಸಾವಿರಕ್ಕೂ ಹೆಚ್ಚು ನರ್ಸುಗಳನ್ನು 24 ವರ್ಷ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಇಲ್ಲದೆಯೇ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಕಡಿಮೆ ಇತ್ತು ನಿಜ, ಆದರೆ ಹೃದಯದ ಕಾಯಿಲೆಯೂ, ಒಟ್ಟು ಸಾವೂ ಹೆಚ್ಚಿತ್ತು. ಮನೆತನದಲ್ಲಿ ಈ ಕ್ಯಾನ್ಸರ್ ಇದ್ದವರ ಮಾತು ಬೇರೆ. ಉಳಿದವರಿಗೆ 'ಹೇಗೂ ಹೊಟ್ಟೆ ತೆರೆದಿದ್ದೇವೆ, ಅದನ್ನೂ ತೆಗೆಯೋಣ' ಅನ್ನುವುದು ಕಾರಣವೇ ಅಲ್ಲ.

ನಮ್ಮ ರಾಜ್ಯದಲ್ಲೇ ಏನಾಯಿತು ಗೊತ್ತಲ್ಲ? ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದದ್ದು 2015ರಲ್ಲಿ ಬಯಲಿಗೆ ಬಂತು. ರಾಣೆಬೆನ್ನೂರಿನಲ್ಲಿ ಗರ್ಭಕೋಶ ಕಳೆದುಕೊಂಡ ಲಂಬಾಣಿ ಮಹಿಳೆಯರು 2022ರಲ್ಲಿ ನ್ಯಾಯ ಕೇಳಿ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು, ಅದನ್ನು ಎಲ್ಲ ರಾಜ್ಯಗಳೂ 3 ತಿಂಗಳೊಳಗೆ ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಕಾಯಿದೆ, ಕಾಗದ ಎಲ್ಲಾ ಇದೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಕೇಳುವವರು ಬೇಕಲ್ಲ!

ಸಹಿ ಯಾರದ್ದು?

ಇದಕ್ಕೆ ನಾವೆಲ್ಲ ತಿಳಿದಿರಬೇಕಾದ ಒಂದು ಪ್ರಕರಣ ಇದೆ. 1995ರಲ್ಲಿ ದೆಹಲಿಯಲ್ಲಿ ಸಮೀರಾ ಕೊಹ್ಲಿ ಎಂಬ 44 ವರ್ಷದ ಅವಿವಾಹಿತ ಮಹಿಳೆ ಅತಿಯಾದ ಮುಟ್ಟಿನ ತೊಂದರೆಗೆ ಡಾಕ್ಟರ ಹತ್ತಿರ ಹೋದರು. ಲ್ಯಾಪ್ರೋಸ್ಕೋಪಿ ಮಾಡಿ ಕಾರಣ ನೋಡೋಣ ಅಂದರು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು, ಗರ್ಭಕೋಶ, ಎರಡೂ ಅಂಡಾಶಯ, ಎರಡೂ ನಾಳ ತೆಗೆದು ಬಿಟ್ಟರು. ಎಚ್ಚರವಾದಾಗ ಆಕೆಗೆ ಹೇಗಾಗಿರಬೇಡ! ಆಕೆ ಬಿಡಲಿಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಒಪ್ಪಿಗೆಯಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ, ಬುದ್ಧಿ ಬಲಿತ ಹೆಣ್ಣಿನ ಪರವಾಗಿ ತಾಯಿ ಕೂಡ ಹೂಂ ಅನ್ನುವಂತಿಲ್ಲ.

ತಾಯಿಗೇ ಇಲ್ಲದ ಹಕ್ಕು ಗಂಡನಿಗೆ, ಅತ್ತೆಗೆ, ಮೈದುನನಿಗೆ ಎಲ್ಲಿಂದ ಬಂತು ಹೇಳಿ? ಸಹಿ ಮಾಡಬೇಕಾದವಳು ಅವಳೇ. ಕನ್ನಡದಲ್ಲಿ ಓದಿಸಿಕೊಂಡು, ಅರ್ಥ ಮಾಡಿಕೊಂಡು ಮಾಡಬೇಕು. ಖಾಲಿ ಫಾರ್ಮಿಗೆ ಮಾತ್ರ ಎಂದೂ ಬೇಡ.

ಹಾಗಂತ ಡಾಕ್ಟರರನ್ನೆಲ್ಲ ಕಳ್ಳರಂತೆ ನೋಡಿ ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ನೂರು ಜನರನ್ನು ನೋಡುವವರಿಗೆ ಬಿಡಿಸಿ ಹೇಳಲು ಪುರಸೊತ್ತಿರುವುದಿಲ್ಲ. 'ಮತ್ತೆ ಗಂಟಾದರೆ ನಮ್ಮ ಮೇಲೇ ಬರ್ತಾರೆ' ಅನ್ನುವ ಭಯವೂ ಅವರಿಗಿದೆ. ಎಷ್ಟೋ ಸಲ 'ಎಲ್ಲಾ ತೆಗೆದು ಬಿಡ್ರಿ, ಮತ್ತ ಮತ್ತ ಖರ್ಚು ಬ್ಯಾಡ' ಅಂತ ಒತ್ತಾಯ ಮಾಡುವವರು ನಮ್ಮ ಮನೆಯವರೇ. ಸಮಾಧಾನದಿಂದ ಕೇಳಿದರೆ ಒಳ್ಳೆಯ ಡಾಕ್ಟರು ಯಾರೂ ಸಿಟ್ಟಾಗುವುದಿಲ್ಲ.

ಇವನ್ನು ಕೇಳಿ, ಬೇಕಾದರೆ ಬರೆದುಕೊಂಡು ಹೋಗಿ

* ಗಂಟು ಯಾವ ಬಗೆಯದು? ಎಷ್ಟು ದೊಡ್ಡದು? ಎರಡು ಮೂರು ತಿಂಗಳು ಕಾದು ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ನಡೆಯುತ್ತದೆಯೇ?

* ಕ್ಯಾನ್ಸರ್ ಅನುಮಾನ ಇದೆಯೇ? ಯಾವ ಕಾರಣಕ್ಕೆ?

* ಗಂಟು ಮಾತ್ರ ತೆಗೆಯುತ್ತೀರಾ, ಅಂಡಾಶಯವನ್ನೂ ತೆಗೆಯುತ್ತೀರಾ? ಗರ್ಭಕೋಶ ಮುಟ್ಟುತ್ತೀರಾ? ಯಾಕೆ?

* ತೂತಿನಿಂದ ಮಾಡಲು ಆಗುತ್ತದೆಯೇ? ಇದನ್ನು ನೀವು ನಿತ್ಯ ಮಾಡುತ್ತೀರಾ? ನಡುವೆ ತೊಂದರೆಯಾದರೆ ಹೊಟ್ಟೆ ತೆರೆಯಬೇಕಾಗಬಹುದೇ?

* ಮುಂದೆ ಮಕ್ಕಳು ಬೇಕಿದ್ದರೆ ಏನಾದರೂ ಅಡ್ಡಿಯೇ? (ಚಾಕೊಲೇಟ್ ಸಿಸ್ಟ್ ಬಿಡಿಸುವಾಗ ಅಂಡಗಳ ಸಂಗ್ರಹ ಕಡಿಮೆಯಾಗಬಹುದು, ಆದ್ದರಿಂದ ಇದನ್ನು ಮೊದಲೇ ಕೇಳಬೇಕು.)

* ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸುತ್ತೀರಾ? ವರದಿ ಯಾವಾಗ ಬರುತ್ತದೆ? ಹೊಲಿಗೆ ಒಣಗಿತು ಅಂತ ಈ ವರದಿ ಒಯ್ಯದೆ ಬಿಡುವವರು ಬಹಳ. ಅದೇ ಎಲ್ಲಕ್ಕಿಂತ ಮುಖ್ಯ ಕಾಗದ.

* ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಆಗುತ್ತದೆಯೇ? ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕೇ? ಇದನ್ನು ಭರ್ತಿ ಆಗುವ ಮೊದಲೇ ವಿಚಾರಿಸಿ, ದುಡ್ಡು ಕಟ್ಟಿದ ಮೇಲಲ್ಲ.

ಸಣ್ಣ ತೂತು, ಆದರೆ ಸಣ್ಣ ಆಪರೇಷನ್ ಅಲ್ಲ!

ನೆಗೆಣ್ಣಿಯ ಆಪರೇಷನ್ ಚೆನ್ನಾಗಿ ಆಯಿತು. ಮೂರನೇ ದಿನ ನಮ್ಮ ಮನೆಗೆ ಬಂದಳು. ಹೊಟ್ಟೆಗಿಂತ ಭುಜ ನೋಯುತ್ತದೆ ಅಂತ ಗಾಬರಿಯಾಗಿದ್ದಳು. ಒಳಗೆ ಉಳಿದ ಅನಿಲದಿಂದ ಹಾಗಾಗುತ್ತದೆ, ಒಂದೆರಡು ದಿನಕ್ಕೆ ಹೋಗುತ್ತದೆ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಬಯಾಪ್ಸಿ ವರದಿಯಲ್ಲಿ ಬರೀ ಡರ್ಮಾಯ್ಡ್, ಕ್ಯಾನ್ಸರ್ ಇಲ್ಲ ಅಂತ ಬಂತು. ಎಡ ಅಂಡಾಶಯವೂ ಅರ್ಧಕ್ಕರ್ಧ ಉಳಿಯಿತು.

ಆದರೆ ನಿಜವಾದ ಪರೀಕ್ಷೆ ಶುರುವಾದದ್ದು ಊರಿಗೆ ಹೋಗುವ ಮಾತು ಬಂದಾಗ. ನೋಡಲು ಬಂದವರೆಲ್ಲ ಸೆರಗು ಸರಿಸಿ ನೋಡಿ, "ಇಷ್ಟನಾ? ಮೂರ ತೂತು! ನಾಳೆ ರೊಟ್ಟಿ ಬಡಿಬಹುದಲ್ಲ" ಅಂದರು. ಗಾಯ ಕಾಣಿಸದಿದ್ದರೆ ನೋವೂ ಇಲ್ಲ ಅಂತ ನಮ್ಮ ಜನರ ಲೆಕ್ಕ. ಹೊಟ್ಟೆ ಕೊಯ್ದಿದ್ದರೆ ಒಂದೂವರೆ ತಿಂಗಳು ಬಾಣಂತಿಯಂತೆ ನೋಡಿಕೊಳ್ಳುತ್ತಿದ್ದರು. ಹೊರಗಿನ ಗಾಯ ಸಣ್ಣದಾದರೂ ಒಳಗೆ ಕತ್ತರಿಸಿ, ಹೊಲಿದ ಜಾಗ ಅಷ್ಟೇ ಇರುತ್ತದೆ. ತುಂಬಿದ ಕೊಡ, ಸಿಲಿಂಡರು, ಹಿಟ್ಟಿನ ಡಬ್ಬ ಎತ್ತಬಾರದು. ಓಡಾಡಬೇಕು, ಆದರೆ ದುಡಿಯಬಾರದು. ಜ್ವರ, ಹೊಟ್ಟೆ ಉಬ್ಬರ, ಹೆಚ್ಚುತ್ತಾ ಹೋಗುವ ನೋವು, ಮತ್ತೆ ಮತ್ತೆ ವಾಂತಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕರುಳು, ಮೂತ್ರಕೋಶಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಆದಾಗ ಹೀಗೇ ತಿಳಿಯುವುದು.

ಆಗ ಅತ್ತೆಯವರೇ ಮುಂದೆ ಬಂದರು. "ಎರಡ ವಾರ ಆಕಿ ಒಲಿ ಮುಂದ ಬರೂದಿಲ್ಲ. ರೊಟ್ಟಿ ನಾ ಬಡೀತೀನಿ" ಅಂದರು. ಯಾರೂ ಎದುರಾಡಲಿಲ್ಲ. ಈ ವಯಸ್ಸಿನಲ್ಲಿ ಅವರನ್ನು ಒಲೆ ಮುಂದೆ ಕೂರಿಸುವುದಾ ಅಂತ ಮೈದುನ ತಾನೇ ಖಾನಾವಳಿಯಿಂದ ರೊಟ್ಟಿ ಹೇಳಿ ತರಿಸಿದ. ಆಗಲಿ, ಅದೂ ಒಳ್ಳೆಯದೇ!

ನಿಮ್ಮ ನಾದಿನಿಗೋ, ನೆಗೆಣ್ಣಿಗೋ, ಮನೆಗೆಲಸಕ್ಕೆ ಬರುವ ಅಕ್ಕನಿಗೋ ನಾಳೆ ಇಂಥ ಚೀಟಿ ಬಂದರೆ ಡಬ್ಬಿ ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಡಾಕ್ಟರ ಕೋಣೆಗೆ ಅವಳ ಜೊತೆ ನೀವೂ ಹೋಗಿ. ಅವಳು ಕೇಳಲು ಹಿಂಜರಿದರೆ ಆ ಪಟ್ಟಿ ತೆಗೆದು ನೀವು ಕೇಳಿ. ಉತ್ತರ ಕೇಳಿದ ಮೇಲೆ 'ಹೂಂ' ಅನ್ನುವುದನ್ನು ಮಾತ್ರ ಅವಳಿಗೇ ಬಿಡಿ. ಏನಂತೀರಿ?